ರೀಡಿಂಗಿನಲ್ಲಿ ಏಳು ಬೇಕು: ಐಇಎಲ್‌ಟಿಎಸ್ ಮುಗಿಸಿದ ಗಡಿನಾಡ ನರ್ಸೊಬ್ಬಳ ಅನುಭವ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ರಿಸಲ್ಟ್ ಕಳೆದ ವಾರ ಬಂತು. ರೀಡಿಂಗಿನಲ್ಲಿ ಒಂಬತ್ತಕ್ಕೆ ಏಳೂವರೆ. ಬ್ರಿಟನ್ನಿನಲ್ಲಿ ನರ್ಸುಗಳ ನೋಂದಣಿ ಮಾಡುವ ಎನ್‌ಎಂಸಿ ಕೇಳುವುದು ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ ತಲಾ 7, ರೈಟಿಂಗಿನಲ್ಲಿ 6.5. ಉಳಿದದ್ದರ ಬಗ್ಗೆ ನನಗೆ ಅಷ್ಟು ಹೆದರಿಕೆ ಇರಲಿಲ್ಲ, ರೀಡಿಂಗ್ ಮಾತ್ರ ನಿದ್ದೆಗೆಡಿಸಿತ್ತು. ಈಗ ಊರಿನ ಕನ್ನಡ ಮಾಧ್ಯಮದಲ್ಲಿ ಕಲಿತು ನರ್ಸಿಂಗ್ ಮುಗಿಸಿದ ಹುಡುಗಿಯರು ಒಬ್ಬೊಬ್ಬರಾಗಿ ಫೋನ್ ಮಾಡ್ತಿದ್ದಾರೆ: "ಅಕ್ಕಾ, ರೀಡಿಂಗಿಗೆ ಎಂತ ಮಾಡಿದ್ದು?" ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದೇ ಬಿಡ್ತೇನೆ. ಸ್ಪೀಕಿಂಗ್, ರೈಟಿಂಗ್ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇದು ಹೆಚ್ಚುಕಡಿಮೆ ಪೂರ್ತಿ ರೀಡಿಂಗಿನ ಕಥೆ.

ನನ್ನ ಮನೆ ಕಾಸರಗೋಡು ಜಿಲ್ಲೆಯ ಬಾಯಾರು ಕಡೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಉಪ್ಪಳ ಪೇಟೆಯಲ್ಲಿ ಮಲಯಾಳ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಪ್ಲಸ್ ಟುಗೆ ಹೋದಾಗ ಪುಸ್ತಕ ಇಂಗ್ಲಿಷಿನಲ್ಲಿ, ಪಾಠದ ವಿವರಣೆ ಮಲಯಾಳದಲ್ಲಿ, ನೋಟ್ಸಿನ ಅಂಚಿನಲ್ಲಿ ನಾನು ಬರೆದುಕೊಳ್ಳುತ್ತಿದ್ದದ್ದು ಕನ್ನಡದಲ್ಲಿ. ಆಮೇಲೆ ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್, ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸ. ಇಂಗ್ಲಿಷ್ ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ನಮ್ಮದು ವಾರ್ಡಿನ ಇಂಗ್ಲಿಷ್. ಕೇಸ್ ಶೀಟು, ಮೆಡಿಸಿನ್ ಚಾರ್ಟು, ಡಾಕ್ಟರರ ಆರ್ಡರು, ಹ್ಯಾಂಡೋವರ್ ನೋಟು. ಎಲ್ಲ ತುಂಡು ತುಂಡು ವಾಕ್ಯ. ಒಂಬೈನೂರು ಶಬ್ದದ ಒಂದು ಪ್ರಬಂಧವನ್ನು ಮೊದಲಿನಿಂದ ಕೊನೆತನಕ ಓದಿ, ಬರೆದವರು ಎಂತ ಹೇಳ್ತಿದ್ದಾರೆ, ಎಲ್ಲಿ ಒಪ್ಪುತ್ತಾರೆ, ಎಲ್ಲಿ ಅನುಮಾನ ಪಡ್ತಾರೆ ಅಂತ ನೋಡುವ ಸಂದರ್ಭ ಕಾಲೇಜಿನಲ್ಲಿಯೂ ಬರಲಿಲ್ಲ, ಕೆಲಸದಲ್ಲಿಯೂ ಬರಲಿಲ್ಲ.

ಓದಿನ ವಿಷಯಕ್ಕೆ ಬರುವ ಮೊದಲು ಪಾಸ್‌ಪೋರ್ಟಿನದ್ದು ಹೇಳಿಬಿಡ್ತೇನೆ, ಎಂತಕ್ಕೆಂದರೆ ನನ್ನ ಅರ್ಧ ಸಮಯ ತಿಂದದ್ದು ಅದೇ. ನಮ್ಮಲ್ಲಿ ಐಇಎಲ್‌ಟಿಎಸ್ ಬರೆಯಲು ಗುರುತಿನ ಚೀಟಿ ಅಂತ ಪಾಸ್‌ಪೋರ್ಟನ್ನೇ ಕೇಳ್ತಾರೆ, ಆಧಾರ್ ಆಗುವುದಿಲ್ಲ. ಹೆಸರು ಅಕ್ಷರಶಃ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಬೇಕು. ನಮ್ಮ ಕಡೆಯವರ ಹೆಸರಿನ ಇನಿಶಿಯಲ್ ಕಥೆ ನಿಮಗೆ ಗೊತ್ತೇ ಇರ್ತದೆ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಹೆಸರಿನ ಹಿಂದೆ ಒಂದು 'ಕೆ', ಅದು ಮನೆತನದ ಹೆಸರು. ಆಧಾರಿನಲ್ಲಿ ಅಪ್ಪನ ಹೆಸರು ಸೇರಿತ್ತು. ಪಾಸ್‌ಪೋರ್ಟಿಗೆ ಇನಿಶಿಯಲ್ಲನ್ನು ಬಿಡಿಸಿ ಬರೆಯಬೇಕು. ಯಾವುದನ್ನು ಹಿಡಿದು ಬಿಡಿಸುವುದು? ಕೊನೆಗೆ ಸರ್ಟಿಫಿಕೇಟಿನ ಪ್ರಕಾರ ಹೋಗುವುದು ಅಂತ ತೀರ್ಮಾನಿಸಿ, ಮೊದಲು ಆಧಾರ್ ತಿದ್ದುಪಡಿ, ಅದು ಬರುವ ತನಕ ಕಾಯುವುದು, ಆಮೇಲೆ 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟ್ ಅರ್ಜಿ. ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿ ಇದ್ದುಕೊಂಡು ಊರಿನ ವಿಳಾಸ ಕೊಟ್ಟವರಿಗೆ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಪ್ರಶ್ನೆ ಬರ್ತದೆ: ಇಲ್ಲಿ ವಾಸ ಇದ್ದೀರೋ, ಅಲ್ಲಿಯೋ? ನನಗೂ ಬಂತು. ರಜೆ ಹಾಕಿ ಮನೆಯಲ್ಲಿ ಕುಳಿತದ್ದಾಯಿತು. ಡಿಗ್ರಿ ಸರ್ಟಿಫಿಕೇಟಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇರುವವರು, ಇಬ್ಬರೂ ಒಬ್ಬಳೇ ಅಂತ ನೋಟರಿಯ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಓದು ಶುರು ಮಾಡುವ ಮೊದಲೇ ಈ ಕೆಲಸ ಮುಗಿಸಿಡುವುದು ಒಳ್ಳೆಯದು. ಮನಸ್ಸು ಎರಡು ಕಡೆ ಹರಿದರೆ ಓದು ತಲೆಗೆ ಹತ್ತುವುದಿಲ್ಲ.

ಇನ್ನೊಂದು: ಅರ್ಜಿಯಲ್ಲಿ ಅಕಾಡೆಮಿಕ್, ಜನರಲ್ ಟ್ರೈನಿಂಗ್ ಅಂತ ಎರಡು ಇರ್ತದೆ. ನರ್ಸಿಂಗ್ ನೋಂದಣಿಗೆ ಬೇಕಾದದ್ದು ಅಕಾಡೆಮಿಕ್. ಒಇಟಿ ಅಂತ ಆರೋಗ್ಯ ಕ್ಷೇತ್ರದವರಿಗೇ ಮಾಡಿದ ಬೇರೆ ಪರೀಕ್ಷೆಯೂ ಉಂಟು, ಎನ್‌ಎಂಸಿ ಅದನ್ನೂ ಒಪ್ತದೆ, ಅದರ ಓದು ನಮಗೆ ಪರಿಚಯದ ವಿಷಯವೇ. ಆದರೆ ಶುಲ್ಕ ಇದಕ್ಕಿಂತ ತುಂಬ ಹೆಚ್ಚು. ನಾನು ಹಣದ ಮುಖ ನೋಡಿ ಐಇಎಲ್‌ಟಿಎಸ್ ಹಿಡಿದೆ.

ಮಂಗಳೂರಿನಲ್ಲಿ ಒಂದು ಕೋಚಿಂಗಿಗೆ ಸೇರಿದೆ. ಹನ್ನೆರಡು ಸಾವಿರ. ಡ್ಯೂಟಿ ಮುಗಿಸಿ ಸಂಜೆ ಬ್ಯಾಚು. ಪರೀಕ್ಷೆಯ ಲೆಕ್ಕ ಅಲ್ಲಿ ಸರಿಯಾಗಿಯೇ ಹೇಳಿದರು: ಮೂರು ಪಾಠ, ಮೂರೂ ಸೇರಿ 2,150ರಿಂದ 2,750 ಶಬ್ದ, 40 ಪ್ರಶ್ನೆ, 60 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಪೇಪರಿನಲ್ಲಿ ಬರೆಯುವವರಿಗೂ ಉತ್ತರ ಇಳಿಸಲು ರೀಡಿಂಗಿನಲ್ಲಿ ಬೇರೆ ಸಮಯ ಸಿಗುವುದಿಲ್ಲ. ಅಕಾಡೆಮಿಕ್‌ನಲ್ಲಿ ಸುಮಾರು 30 ಸರಿಯಾದರೆ ಏಳು, 35 ಆದರೆ ಎಂಟು, ಪತ್ರಿಕೆಯಿಂದ ಪತ್ರಿಕೆಗೆ ಸ್ವಲ್ಪ ಹೆಚ್ಚುಕಮ್ಮಿ. ಇಷ್ಟರ ತನಕ ಚೆಂದ.

ಆದರೆ ಓದುವ ಬಗ್ಗೆ ಅಲ್ಲಿ ಹೇಳಿಕೊಟ್ಟದ್ದು ಒಂದೇ ಉಪಾಯ. ಪಾಠ ಓದಬೇಡಿ, ಸಮಯ ಹಾಳು. ಪ್ರಶ್ನೆ ಓದಿ, ಕೀವರ್ಡ್ ಹಿಡಿದು ಪಾಠದಲ್ಲಿ ಹುಡುಕಿ. ಮೊದಮೊದಲು ಖುಷಿಯಾಗ್ತದೆ. ಸುಲಭದ ಪ್ರಶ್ನೆಗಳೆಲ್ಲ ಬೀಳ್ತವೆ. ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ಬಂದು ಗಾಡಿ ನಿಂತುಬಿಡ್ತದೆ, ಅಲ್ಲಿಂದ ಮೇಲೆ ಹೋಗುವುದಿಲ್ಲ. ಯಾಕೆ ಅಂತ ಈಗ ಗೊತ್ತಾಗ್ತದೆ. ಪ್ರಶ್ನೆ ತಯಾರು ಮಾಡುವವರಿಗೆ ಈ ಹುಡುಕಾಟ ಗೊತ್ತಿಲ್ಲದ್ದಲ್ಲ. ಸರಿ ಉತ್ತರ ಇರುವ ಕಡೆ ಬೇರೆಯೇ ಶಬ್ದ ಹಾಕಿರ್ತಾರೆ, ಅದೇ ಶಬ್ದ ಇರುವ ಕಡೆ ಉತ್ತರ ಇರುವುದಿಲ್ಲ. ಅಲ್ಲಿ ಕಲಿಸಿದವರ ಮೇಲೆ ಸಿಟ್ಟೇನಿಲ್ಲ, ಆರು ಬೇಕಾದವರಿಗೆ ಆ ಉಪಾಯ ಸಾಕಾಗಬಹುದು. ಏಳಕ್ಕೆ ಸಾಕಾಗುವುದಿಲ್ಲ.

ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಚೇಚಿ (ಮಲಯಾಳದಲ್ಲಿ ಅಕ್ಕ) ಕಣ್ಣೂರು ಕಡೆಯವರು, ಐಸಿಯು ನರ್ಸ್, ಅಷ್ಟರಲ್ಲಿ ಒಇಟಿ ಪಾಸಾಗಿ ಕಾಗದಕ್ಕೆ ಕಾಯುತ್ತಿದ್ದರು. ನಾನು ಪೆನ್ಸಿಲ್ ಹಿಡಿದು ಮೇಲೆ ಕೆಳಗೆ ಹುಡುಕುವುದನ್ನು ಒಂದು ರಾತ್ರಿ ನೋಡಿದರು. "ಮೋಳೇ, ಆ ಪ್ರಶ್ನೆಯ ಹಾಳೆ ಇಲ್ಲಿ ಕೊಡು. ಒಂದು ಪ್ಯಾರಾ ಓದು, ಪುಸ್ತಕ ಮುಚ್ಚು, ಅದರಲ್ಲಿ ಎಂತ ಉಂಟು ಅಂತ ನನಗೆ ಹೇಳು." ನಾನು ಇಂಗ್ಲಿಷಿನಲ್ಲಿ ತಡವರಿಸಿದೆ. "ಇಂಗ್ಲಿಷ್ ಬೇಡ, ನಿನ್ನ ಭಾಷೆಯಲ್ಲಿ ಹೇಳು." ಹೇಳಲು ಹೊರಟರೆ ಬಾಯಿಗೆ ಬಂದದ್ದು ಮೂರು ನಾಲ್ಕು ಬಿಡಿ ಸಂಗತಿ, ಒಂದಕ್ಕೊಂದು ಸಂಬಂಧ ಇಲ್ಲ. ಪ್ಯಾರಾದ ಮಾತೇ ನನಗೆ ಸಿಕ್ಕಿರಲಿಲ್ಲ.

ಅಲ್ಲಿಂದ ಅಭ್ಯಾಸದ ದಾರಿ ಬದಲಾಯಿತು. ಪ್ಯಾರಾ ಓದುವುದು, ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಅದರ ಸಾರ ಹೇಳುವುದು. ಒಂದು ವಾಕ್ಯಕ್ಕೆ ಇಳಿಯದಿದ್ದರೆ ಇನ್ನೊಮ್ಮೆ ಓದುವುದು. ಪ್ಯಾರಾಗಳಿಗೆ ತಲೆಬರಹ ಹೊಂದಿಸುವ ಪ್ರಶ್ನೆ ಬರ್ತದಲ್ಲ, ಎಲ್ಲರಿಗೂ ಕಷ್ಟ ಅಂತ ಹೇಳುವಂಥದ್ದು, ಅದು ನನಗೆ ಸಲೀಸಾದದ್ದು ಇದರಿಂದಲೇ. ಸಮಯ ಹಿಡಿದು ಮಾಡುವುದನ್ನು ಅಷ್ಟು ದಿನ ಪೂರ್ತಿ ಬಿಟ್ಟಿದ್ದೆ. ಗಡಿಯಾರ ಇಟ್ಟುಕೊಂಡು ಓದಲು ಕಲಿಯುವುದು ಆಗುವ ಮಾತಲ್ಲ.

ಎಂತ ಓದುವುದು ಅಂತ ಆಮೇಲಿನ ಪ್ರಶ್ನೆ. ಕೇಂಬ್ರಿಜ್‌ನವರು ಹೊರತರುವ ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಎಲ್ಲರೂ ತೆಗೆದುಕೊಳ್ತಾರೆ, ಅದು ಬೇಕೇ ಬೇಕು. ಆದರೆ ಅದನ್ನು ಮೊದಲೇ ಸುರಿದುಕೊಂಡರೆ ಪರೀಕ್ಷೆ ಹತ್ತಿರ ಬಂದಾಗ ಹೊಸದಾಗಿ ಮಾಡಲು ಏನೂ ಉಳಿಯುವುದಿಲ್ಲ. ಅಲ್ಲಿ ಬರುವ ವಿಷಯಗಳನ್ನು ನೋಡಿದರೆ ಹೆಚ್ಚಿನವು ಮೂರು ಗುಂಪಿಗೆ ಬೀಳ್ತವೆ: ಜನರ ಆಚಾರ, ಕಲೆ, ಹಳೆಯ ಕಟ್ಟಡ ಒಂದು; ಮನೆ, ಮಕ್ಕಳು, ಸಂಬಂಧ ಇನ್ನೊಂದು; ಪ್ರಾಣಿ, ಗಿಡ, ದೇಹ, ಪ್ರಯೋಗ ಮತ್ತೊಂದು. ಚೇಚಿ ಹೇಳಿದರು, ಈ ಮೂರರಲ್ಲಿ ನಿನಗೆ ಮೊದಲೇ ಗೊತ್ತಿರುವುದನ್ನು ಇಂಗ್ಲಿಷಿನಲ್ಲಿ ಹುಡುಕಿ ಓದು. ವಿಷಯದ ಭಾರ ಇಲ್ಲದಿದ್ದರೆ ಭಾಷೆಯ ಭಾರ ಹೊರಬಹುದು.

ನಾನು ಮೊದಲು ಹಿಡಿದದ್ದು ಸುರಂಗ. ಬಾಯಾರು, ಎಣ್ಮಕಜೆ ಕಡೆಯವರಿಗೆ ಸುರಂಗ ಎಂದರೆ ರೈಲಿನದ್ದಲ್ಲ, ನೀರಿನದ್ದು. ಗುಡ್ಡದ ಮುರಕಲ್ಲಿನ ಒಳಗೆ ಅಡ್ಡಕ್ಕೆ ಕೊರೆದು ಹೋಗುವ, ಬಗ್ಗಿ ನಡೆಯುವಷ್ಟೇ ಎತ್ತರದ ಬಿಲ. ಒಳಗಿನ ಒಸರು ಪಂಪು ಇಲ್ಲದೆ ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳ್ತದೆ. ನಮ್ಮ ತೋಟದಲ್ಲೂ ಒಂದು ಉಂಟು. ಇದರ ಬಗ್ಗೆ ಇಂಗ್ಲಿಷಿನಲ್ಲಿ ಸಂಶೋಧಕರು ಬರೆದ ಲೇಖನ ಎಷ್ಟೋ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ. ಓದುವಾಗ ಗೊತ್ತಿಲ್ಲದ ಶಬ್ದ ಬಂದರೂ ಕಣ್ಣ ಮುಂದೆ ಸುರಂಗ ಇರುವ ಕಾರಣ ನಿಲ್ಲಬೇಕಾಗಲಿಲ್ಲ. ಚಿತ್ರಕ್ಕೆ ಹೆಸರು ತುಂಬುವ ಪ್ರಶ್ನೆಯ ಅಭ್ಯಾಸಕ್ಕೆ ನಾನೇ ಒಂದು ಚಿತ್ರ ಬರೆದು, ಲೇಖನದ ಶಬ್ದಗಳನ್ನೇ ಎತ್ತಿ ತುಂಬಿದೆ. ಹಾಗೆಯೇ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, ಅದರವರ ಇಂಗ್ಲಿಷ್ ಕರಪತ್ರಗಳನ್ನು ಓದಿದೆ. ತೆಂಗು, ಅಡಿಕೆ, ಕೊಕ್ಕೊ. ಅಪ್ಪನಿಗೆ ಓದಿ ಹೇಳಿದರೆ ಅವರು ಅರ್ಧಕ್ಕೆ ತಡೆದು, "ಅದು ನಮ್ಮ ಮಣ್ಣಿಗೆ ಆಗುವುದಿಲ್ಲ" ಅನ್ನುತ್ತಿದ್ದರು.

ಅಪ್ಪ ಹೀಗೆ ನಡುವೆ ಬಾಯಿ ಹಾಕುವುದು ಇಡೀ ಪರೀಕ್ಷೆಯ ಗುಂಡಿಯನ್ನೇ ತೋರಿಸಿತು ಅಂತ ನನಗೆ ಅನಿಸಿದ್ದು ಆಮೇಲೆ. ಗೊತ್ತಿರುವ ವಿಷಯ ಒಳಗೆ ಹೋಗಲು ಬಾಗಿಲು ತೆಗೀತದೆ, ನಿಜ. ಆದರೆ ಒಳಗೆ ಹೋದ ಮೇಲೆ ಅದೇ ನಮ್ಮ ಕೈ ಹಿಡಿದು ತಪ್ಪು ಉತ್ತರ ಬರೆಸ್ತದೆ.

ಟ್ರೂ, ಫಾಲ್ಸ್, ನಾಟ್ ಗಿವನ್ ಅಂತ ಒಂದು ಬಗೆಯ ಪ್ರಶ್ನೆ. ಒಂದು ಹೇಳಿಕೆ ಕೊಡ್ತಾರೆ. ಪಾಠ ಅದನ್ನು ಹೌದು ಅನ್ನುತ್ತದೋ, ಅಲ್ಲ ಅನ್ನುತ್ತದೋ, ಅಥವಾ ಆ ಬಗ್ಗೆ ಏನೂ ಹೇಳುವುದಿಲ್ಲವೋ? ಈ ಮೂರನೆಯದ್ದರಲ್ಲಿ ಜನ ಸಾಯುವುದು. ಭೂತಕೋಲದ ಹಾಗಿನದ್ದೇ ಆದ ತೆಯ್ಯದ ಬಗ್ಗೆ ಒಂದು ಲೇಖನ ತೆಗೆದುಕೊಳ್ಳಿ. ಕಟ್ಟುವವರು ಮೊದಲು ವ್ರತ ಹಿಡೀತಾರೆ, ಮುಖವರ್ಣಿಕೆಗೆ ಗಂಟೆಗಟ್ಟಲೆ ಹಿಡೀತದೆ, ಕೊನೆಗೆ ಕನ್ನಡಿ ನೋಡಿದ ಮೇಲೆ ಆವೇಶ, ಇಷ್ಟು ಪಾಠದಲ್ಲಿ ಉಂಟು. ಹೇಳಿಕೆ: ತೆಯ್ಯ ಕಟ್ಟುವವರೆಲ್ಲ ಗಂಡಸರು. ಚಂದ್ರಗಿರಿ ಹೊಳೆಯ ಆಚೆ ತೆಯ್ಯ, ಈಚೆ ಭೂತಕೋಲ ನೋಡಿ ಬೆಳೆದವರ ಕೈ ತಾನಾಗಿ ಟ್ರೂ ಬರೀತದೆ. ಪಾಠದಲ್ಲಿ ಅದರ ಸುದ್ದಿಯೇ ಇಲ್ಲ. ಉತ್ತರ ನಾಟ್ ಗಿವನ್. ಅಷ್ಟೇ ಅಲ್ಲ, ಕಣ್ಣೂರಿನ ತೆಕ್ಕುಂಬಾಡಿನಲ್ಲಿ ದೇವಕ್ಕೂತ್ತ್ ಎಂಬ ತೆಯ್ಯವನ್ನು ಹೆಂಗಸರೇ ಕಟ್ಟುವುದು ಅಂತ ಚೇಚಿ ಹೇಳಿದ ಮೇಲೆ, ನಮಗೆ ಗೊತ್ತಿದೆ ಅಂದುಕೊಂಡದ್ದು ಎಷ್ಟು ಗಟ್ಟಿ ಅಂತಲೂ ಅನುಮಾನ ಬಂತು.

ಸುರಂಗದ ಲೇಖನಗಳಲ್ಲಿ ಇನ್ನೊಂದು ನಾಜೂಕಿನ ಗುಂಡಿ. ಇರಾನಿನಲ್ಲಿ ಖನಾತ್ ಅಂತ ಇಂಥದ್ದೇ ನೆಲದಡಿಯ ನೀರಿನ ದಾರಿಗಳು ಉಂಟು, 2016ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮ ಸುರಂಗದ ಬಗ್ಗೆ ಬರೆಯುವವರು ಖನಾತ್‌ನ ಹೆಸರು ತರ್ತಾರೆ, ಕರಾವಳಿಯ ವ್ಯಾಪಾರದ ಜೊತೆ ಆ ವಿದ್ಯೆ ಬಂದಿರಬಹುದು ಅನ್ನುವವರೂ ಇದ್ದಾರೆ. ಬಂದಿರಬಹುದು, ಅಷ್ಟೇ. ಹೇಳಿಕೆಯಲ್ಲಿ 'ಸುರಂಗದ ವಿದ್ಯೆ ಪರ್ಷಿಯಾದಿಂದ ಬಂತು' ಅಂತ ಕೊಟ್ಟರೆ ಅದು ಟ್ರೂ ಆಗುವುದಿಲ್ಲ. ನರ್ಸುಗಳಿಗೆ ಇದು ಬೇಗ ಹೊಳೆಯಬೇಕು. ಡಾಕ್ಟರರು 'ನ್ಯುಮೋನಿಯಾ ಇರಬಹುದು' ಅಂತ ಬರೆದದ್ದನ್ನು ನಾವು ಹ್ಯಾಂಡೋವರಿನಲ್ಲಿ 'ನ್ಯುಮೋನಿಯಾ' ಅಂತ ಹೇಳಿದರೆ ಎಂತ ಆಗ್ತದೆ?

ಕುಟುಂಬದ ವಿಷಯ ಬಂದಾಗ ಇದು ಇನ್ನೂ ಕಷ್ಟ. ನಮ್ಮದು ಅಳಿಯಕಟ್ಟಿನ ಮನೆ. ಅಜ್ಜಿಯ ಕಾಲದಲ್ಲಿ ಯಜಮಾನಿಕೆ ಎಲ್ಲ ಅವರ ಅಣ್ಣನದ್ದು, ಅವರ ನಂತರ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ. ಕೇರಳದಲ್ಲಿ ಅವಿಭಕ್ತ ಕುಟುಂಬ ರದ್ದತಿ ಕಾನೂನು 1976ರ ಡಿಸೆಂಬರ್ ಒಂದಕ್ಕೆ ಜಾರಿಯಾದ ಮೇಲೆ ಆ ವ್ಯವಸ್ಥೆ ಕಾಗದದಲ್ಲಿ ಮುಗಿಯಿತು, ಮನೆಯ ಮಾತಿನಲ್ಲಿ ಮುಗಿಯಲಿಲ್ಲ. ಮದುವೆಯ ಮಾತುಕತೆಗೆ ಈಗಲೂ ಮಾವ ಬರಬೇಕು. ತಾಯಿಯ ಕಡೆಯಿಂದ ಸಂತತಿ ಎಣಿಸುವ ಸಮಾಜಗಳ ಬಗ್ಗೆ ಇಂಗ್ಲಿಷಿನಲ್ಲಿ ಓದುವಾಗ, ಬರೆದವರು 'ಹೆಂಗಸರ ಕೈಯಲ್ಲಿ ಅಧಿಕಾರ' ಅಂತ ಒಂದು ಮಾತು ಹೇಳಿದ ಕೂಡಲೇ ನನಗೆ ಒಳಗಿನಿಂದ ವಾದ ಶುರುವಾಗ್ತಿತ್ತು. ಎಲ್ಲಿಯ ಅಧಿಕಾರ ಮಾರಾಯ್ರೆ, ಬೀಗದ ಕೈ ದೊಡ್ಡ ಮಾವನ ಸೊಂಟದಲ್ಲಿತ್ತು! ಆದರೆ ಯೆಸ್, ನೋ, ನಾಟ್ ಗಿವನ್ ಅಂತ ಬರುವ ಪ್ರಶ್ನೆಗಳಲ್ಲಿ ಕೇಳುವುದು ಬರೆದವರ ಅಭಿಪ್ರಾಯ ಎಂತ ಅಂತ. ನನ್ನ ಅಭಿಪ್ರಾಯಕ್ಕೆ ಅಲ್ಲಿ ಅರ್ಧ ಅಂಕವೂ ಇಲ್ಲ. ನಾನು ಮಾಡಿಕೊಂಡ ಉಪಾಯ ಇಷ್ಟು: ವಾದ ಬಂದರೆ ಅದನ್ನು ಪುಟದ ಅಂಚಿನಲ್ಲಿ ಕನ್ನಡದಲ್ಲಿ ಎರಡು ಶಬ್ದದಲ್ಲಿ ಬರೆದಿಡುವುದು, ಆಮೇಲೆ ಮುಂದೆ ಓದುವುದು. ಬರೆದಿಟ್ಟರೆ ಮನಸ್ಸು ಸುಮ್ಮನಾಗ್ತದೆ. ಪ್ರತಿ ಉತ್ತರದ ಎದುರು ಪಾಠದ ಯಾವ ಸಾಲಿನಿಂದ ಅದು ಬಂತು ಅಂತ ಸಾಲಿನ ಗುರುತು ಹಾಕುವುದು. ಸಾಲು ತೋರಿಸಲು ಆಗದಿದ್ದರೆ ಆ ಉತ್ತರ ನನ್ನ ತಲೆಯಿಂದ ಬಂದದ್ದು, ಪಾಠದ್ದಲ್ಲ.

ನನಗೆ ಬಹಳ ಇಷ್ಟವಾದ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮನುಷ್ಯರಲ್ಲಿ ಹೆಂಗಸರು ಮುಟ್ಟು ನಿಂತ ಮೇಲೂ ಯಾಕೆ ಇಷ್ಟು ವರ್ಷ ಬದುಕ್ತಾರೆ ಅಂತ ವಿಜ್ಞಾನಿಗಳಿಗೆ ಒಂದು ಪ್ರಶ್ನೆ. ಕ್ರಿಸ್ಟನ್ ಹಾಕ್ಸ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಜೊತೆಯವರು ಟಾಂಜಾನಿಯಾದ ಹಡ್ಜಾ ಜನರ ನಡುವೆ ನೋಡಿದ್ದು, ಅಲ್ಲಿನ ಅಜ್ಜಿಯರು ಕಷ್ಟಪಟ್ಟು ಗೆಡ್ಡೆ ಅಗೆದು ತಂದು ಮೊಮ್ಮಕ್ಕಳನ್ನು ಸಾಕ್ತಾರೆ, ಮಗಳು ಇನ್ನೊಂದು ಬಾಣಂತನಕ್ಕೆ ತಯಾರಾಗ್ತಾಳೆ. ಅಜ್ಜಿ ಇದ್ದ ಮನೆಯ ಮಕ್ಕಳು ಹೆಚ್ಚು ಉಳಿಯುತ್ತಾರೆ, ಹಾಗಾಗಿ ದೀರ್ಘಾಯುಷ್ಯ ಮುಂದಿನ ತಲೆಮಾರಿಗೆ ದಾಟ್ತದೆ ಅಂತ ಅವರ ವಾದ. ಕಿಲ್ಲರ್ ವೇಲ್ ಎಂಬ ಸಮುದ್ರದ ಪ್ರಾಣಿಯಲ್ಲೂ ಹೆಣ್ಣು ಮರಿ ಹಾಕುವುದು ನಿಂತ ಮೇಲೆ ದಶಕಗಟ್ಟಲೆ ಬದುಕ್ತದೆ. ಉತ್ತರ ಪೆಸಿಫಿಕ್ಕಿನ ಕೆಲವು ಗುಂಪುಗಳಲ್ಲಿ ಗಂಡು ಹೆಣ್ಣು ಎರಡೂ ಬೆಳೆದ ಮೇಲೂ ತಾಯಿಯ ಗುಂಪು ಬಿಟ್ಟು ಹೋಗುವುದಿಲ್ಲ. ರಜೆಯಲ್ಲಿ ಮನೆಗೆ ಹೋದಾಗ ಇದನ್ನು ಅಜ್ಜಿಗೆ ತುಳುವಿನಲ್ಲಿ ಹೇಳಿದೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದ ಅಜ್ಜಿ, "ಹಾಗಾದರೆ ಅವುಗಳದ್ದೂ ಅಳಿಯಕಟ್ಟೇ" ಅಂದರು. ಕುಟುಂಬ, ಆಚಾರ, ವಿಜ್ಞಾನ ಮೂರೂ ಒಂದೇ ಪಾಠದಲ್ಲಿ ಸೇರಿದ್ದು ಹೀಗೆ. ಇಂಥ ಪಾಠಗಳಲ್ಲಿ ಯಾರು ಯಾವ ಮಾತು ಹೇಳಿದರು ಅಂತ ಹೊಂದಿಸುವ ಪ್ರಶ್ನೆ ಬರ್ತದೆ. ಓದುವಾಗಲೇ ಪ್ರತಿ ಹೆಸರಿನ ಪಕ್ಕ 'ಒಪ್ಪುತ್ತಾರೆ', 'ಅನುಮಾನ', 'ಲೆಕ್ಕ ಕೊಟ್ಟವರು' ಅಂತ ಗುರುತು ಹಾಕಿದರೆ ಮತ್ತೆ ತಿರುಗಿ ಹೋಗಬೇಕಾಗಿಲ್ಲ.

ವಿಜ್ಞಾನದ ಪಾಠ ಕಂಡರೆ ಆರ್ಟ್ಸಿನವರು ಹೆದರ್ತಾರೆ, ನನಗೆ ಅದೇ ಎಲ್ಲಕ್ಕಿಂತ ಸುಲಭ ಕಂಡಿತು. ಅವುಗಳ ಎಲುಬಿನ ಗೂಡು ಹೆಚ್ಚಾಗಿ ಒಂದೇ. ಜೇನಿನ ಕುಣಿತದ್ದನ್ನು ನೋಡಿ. ಹೂವು ಎಲ್ಲಿ ಉಂಟು ಅಂತ ಒಂದು ಜೇನುನೊಣ ಗೂಡಿನ ಕತ್ತಲೆಯಲ್ಲಿ ಎರಿಯ ಮೇಲೆ ಕುಣಿದು ಉಳಿದವಕ್ಕೆ ತಿಳಿಸ್ತದೆ. ನೆಟ್ಟಗೆ ಮೇಲ್ಮುಖವಾಗಿ ಓಡಿದರೆ ಸೂರ್ಯನ ದಿಕ್ಕಿಗೆ, ಓರೆಯಾದರೆ ಅಷ್ಟೇ ಓರೆಗೆ. ಬಾಲ ಅಲ್ಲಾಡಿಸುವ ಓಟ ಉದ್ದವಾದಷ್ಟು ದೂರ ಹೆಚ್ಚು. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಹಂಚಿಕೊಂಡರು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಏಡ್ರಿಯನ್ ವೆನ್ನರ್ ಎಂಬವರು ಕುಣಿತ ಅಲ್ಲ, ವಾಸನೆ ಅಂತ ತಕರಾರು ಎತ್ತಿದ್ದರು. 2005ರಲ್ಲಿ ಜೇನುನೊಣಗಳ ಹಾರಾಟವನ್ನು ರಾಡಾರಿನಲ್ಲಿ ಹಿಂಬಾಲಿಸಿ, ಕುಣಿತ ತೋರಿಸಿದ ಕಡೆಗೇ ಅವು ಹಾರ್ತವೆ ಅಂತ ತೋರಿಸಿದರು. ಕೊನೆಯ ಸ್ವಲ್ಪ ದೂರಕ್ಕೆ ವಾಸನೆಯೂ ಬೇಕು. ಹಳೆಯ ನಂಬಿಕೆ, ಹೊಸ ಮಾತು, ತಕರಾರು, ಪರೀಕ್ಷೆ, ಉಳಿದ ಅನುಮಾನ. ಈ ಐದು ಮೆಟ್ಟಿಲು ಎಲ್ಲೆಲ್ಲಿ ಅಂತ ಗುರುತು ಹಾಕಿದರೆ ಗೊತ್ತಿಲ್ಲದ ವಿಜ್ಞಾನವೂ ಹೆದರಿಸುವುದಿಲ್ಲ. ಅಪ್ಪನ ಹತ್ತಿರ ತುಡುವೆ ಜೇನಿನ ಪೆಟ್ಟಿಗೆ ಉಂಟು. ಈ ಪಾಠ ಕೇಳಿದ ಮೇಲೆ ಮುಚ್ಚಳ ತೆಗೆದಾಗೆಲ್ಲ ಕುಣಿತ ಹುಡುಕ್ತಾರೆ.

ಇಷ್ಟೆಲ್ಲ ಆಗುವಾಗ ಮಳೆಗಾಲ ಮುಗಿದಿತ್ತು. ನೈಟ್ ಡ್ಯೂಟಿಯ ಮರುದಿನ ಓದಿದರೆ ಕಣ್ಣು ಸಾಲಿನ ಮೇಲೆ ಜಾರುತ್ತಿತ್ತು, ಅಂಥ ದಿನ ಅಭ್ಯಾಸ ಪರೀಕ್ಷೆ ಮಾಡಲೇಬೇಡಿ, ಅಂಕ ನೋಡಿ ಸುಮ್ಮನೆ ಅಳು ಬರ್ತದೆ. ಮನೆಯಿಂದ ಅಮ್ಮನ ಫೋನು: "ನಿನ್ನ ಪರೀಕ್ಷೆ ಮುಗಿಯುವುದು ಯಾವಾಗ, ಮಾವ ಒಂದು ಸಂಬಂಧ ಹೇಳ್ತಿದ್ದಾರೆ." ಜೊತೆಯಲ್ಲಿ ಕೋಚಿಂಗಿಗೆ ಬಂದವರು ಒಬ್ಬೊಬ್ಬರೇ ಪಾಸಾಗಿ ಸ್ಟೇಟಸ್ ಹಾಕುವುದು. ಆ ದಿನಗಳಲ್ಲಿ ನನ್ನಿಂದ ಆಗುವುದಿಲ್ಲ ಅಂತಲೇ ಅನಿಸಿತ್ತು.

ಗಡಿಯಾರ ತಂದದ್ದು ಆಮೇಲೆ. ಮೂರು ಪಾಠಕ್ಕೆ ಇಪ್ಪತ್ತಿಪ್ಪತ್ತು ನಿಮಿಷ ಅಂತ ಎಲ್ಲರೂ ಹೇಳ್ತಾರೆ. ಮೂರನೆಯದು ಕಷ್ಟದ್ದು ಇರ್ತದೆ, ಹಾಗಾಗಿ ಮೊದಲನೆಯದನ್ನು ಹದಿನೈದು ಹದಿನಾರರಲ್ಲಿ ಮುಗಿಸಿ ಉಳಿಸಿದ್ದನ್ನು ಕೊನೆಗೆ ಕೊಡುವುದು ನನಗೆ ಸರಿಹೋಯಿತು. ಒಂದು ಪ್ರಶ್ನೆ ಕಚ್ಚಿಕೊಂಡರೆ ಏನಾದರೊಂದು ಬರೆದು ಮುಂದೆ ಹೋಗಿ. 'ಎರಡು ಶಬ್ದ ಮೀರಬಾರದು' ಅಂತ ಇದ್ದರೆ ಮೂರನೆಯ ಶಬ್ದ ಬರೆದ ಕೂಡಲೇ ಉತ್ತರ ಸರಿಯಿದ್ದರೂ ಅಂಕ ಹೋಯಿತು. ಸ್ಪೆಲ್ಲಿಂಗ್ ತಪ್ಪಿದರೂ ಹೋಯಿತು. ಬ್ರಿಟಿಷ್ ಸ್ಪೆಲ್ಲಿಂಗ್, ಅಮೆರಿಕನ್ ಸ್ಪೆಲ್ಲಿಂಗ್ ಎರಡೂ ನಡೀತದೆ. ಬಹುವಚನದ ಬಾಲ ಬಿಟ್ಟುಹೋಗುವುದು ನಮ್ಮವರಲ್ಲಿ ಮಾಮೂಲು, ಪಾಠದ ಶಬ್ದ ಇದ್ದ ಹಾಗೆಯೇ ಎತ್ತಿ ಬರೆಯಿರಿ.

ಕಂಪ್ಯೂಟರಿನಲ್ಲಿ ಬರೆಯುವುದೋ ಪೇಪರಿನಲ್ಲೋ? ನಾನು ಕಂಪ್ಯೂಟರ್ ಆರಿಸಿದೆ, ರಿಸಲ್ಟ್ ಬೇಗ ಬರ್ತದೆ. ಪಾಠ ಎಡಬದಿಗೆ, ಪ್ರಶ್ನೆ ಬಲಬದಿಗೆ, ಸಾಲಿಗೆ ಬಣ್ಣ ಹಾಕುವ ಅನುಕೂಲ ಉಂಟು. ಆದರೆ ಅಷ್ಟು ತಿಂಗಳು ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಓದಿದವಳಿಗೆ ಪರದೆಯ ಮೇಲೆ ಪ್ಯಾರಾ ಎಲ್ಲಿತ್ತು ಅಂತ ನೆನಪೇ ಉಳಿಯುವುದಿಲ್ಲ. ಪರೀಕ್ಷೆ ನಡೆಸುವವರ ವೆಬ್‌ಸೈಟಿನಲ್ಲಿ ಪುಕ್ಕಟೆ ಅಭ್ಯಾಸ ಪತ್ರಿಕೆ ಸಿಗ್ತದೆ, ಕೊನೆಯ ವಾರಗಳಲ್ಲಿ ಅದರಲ್ಲೇ ಮಾಡಿ. ಮೊಬೈಲಿನ ಸಣ್ಣ ಪರದೆ ಸಾಲದು. ನನ್ನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ, ಸೈಬರ್ ಸೆಂಟರಿನಲ್ಲಿ ಕುಳಿತು ಮಾಡಿದೆ.

ಶುಲ್ಕ 17–18 ಸಾವಿರದ ಆಸುಪಾಸು, ಆಗಾಗ ಏರ್ತಾ ಇರ್ತದೆ. ಒಂದು ಸಂಬಳದ ದೊಡ್ಡ ಪಾಲು ಒಂದೇ ಕ್ಲಿಕ್ಕಿಗೆ ಹೋಗ್ತದೆ. ಪುಸ್ತಕ, ಸೈಬರು, ಬಸ್ಸು, ಕೋಚಿಂಗು, ಪಾಸ್‌ಪೋರ್ಟು, ನೋಟರಿ ಎಲ್ಲ ಕೂಡಿಸಿದರೆ ನಲವತ್ತು ಸಾವಿರದ ಹತ್ತಿರ ಹೋಗಿದೆ. ಚಿನ್ನ ಅಡವಿಡದೆ ಆಯಿತು ಅಂತ ಅಮ್ಮನಿಗೆ ಸಮಾಧಾನ.

ಪರೀಕ್ಷೆ ಮಂಗಳೂರಿನಲ್ಲಿ. ಹಿಂದಿನ ರಾತ್ರಿ ಡ್ಯೂಟಿ ಹಾಕಬೇಡಿ ಅಂತ ವಾರ್ಡ್ ಇನ್‌ಚಾರ್ಜ್ ಮೇಡಂ ಹತ್ತಿರ ಮೊದಲೇ ಹೇಳಿಟ್ಟಿದ್ದೆ. ಒಳಗೆ ಪಾಸ್‌ಪೋರ್ಟ್ ಬಿಟ್ಟು ಏನೂ ಇಲ್ಲ, ವಾಚೂ ಇಲ್ಲ. ಫೋಟೊ, ಬೆರಳಚ್ಚು ತೆಗೀತಾರೆ. ಲಿಸನಿಂಗ್, ರೀಡಿಂಗ್, ರೈಟಿಂಗ್ ನಡುವೆ ಬಿಡುವಿಲ್ಲ, ಹಾಗಾಗಿ ನೀರು ನೋಡಿಕೊಂಡು ಕುಡಿಯಿರಿ. ಯಾವ ಪಾಠ ಬಂತು ಅಂತ ಎಲ್ಲರೂ ಕೇಳ್ತಾರೆ, ಅದನ್ನು ಹೊರಗೆ ಹೇಳುವ ಹಾಗಿಲ್ಲ, ನಾನೂ ಹೇಳುವುದಿಲ್ಲ. ಒಂದು ಪಾಠದಲ್ಲಿ ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿಯೊಂದು ಇತ್ತು, ಅಲ್ಲಿ ಎರಡು ಕಡೆ ಬರೆದ ಉತ್ತರ ಅಳಿಸಿ ನಾಟ್ ಗಿವನ್ ಹಾಕಿದೆ. ಪಕ್ಕದವರ ಕೀಬೋರ್ಡಿನ ಟಕಟಕ ತಲೆ ತಿನ್ನುತ್ತದೆ. ಹೆಡ್‌ಫೋನ್ ಕಿವಿಯಲ್ಲೇ ಇಟ್ಟುಕೊಳ್ಳಬಹುದು, ಕೇಳಿ ನೋಡಿ.

ರಿಸಲ್ಟ್ ಬಂದ ದಿನ ಮೊದಲು ಚೇಚಿಗೆ ಮೆಸೇಜ್ ಹಾಕಿದೆ, ಅವರು ಈಗ ಲೀಡ್ಸ್‌ನಲ್ಲಿ. ಇಷ್ಟಾಗಿಯೂ ಒಂದರಲ್ಲಿ ಸ್ವಲ್ಪ ಕಡಿಮೆ ಬಂದವರು ಕಂಗೆಡಬೇಡಿ. ಹನ್ನೆರಡು ತಿಂಗಳೊಳಗಿನ ಎರಡು ಪರೀಕ್ಷೆಯ ಅಂಕ ಜೋಡಿಸಲು ಎನ್‌ಎಂಸಿ ಬಿಡ್ತದೆ, ಎರಡರಲ್ಲೂ ಇಂತಿಷ್ಟಕ್ಕಿಂತ ಕೆಳಗೆ ಇಳಿದಿರಬಾರದು ಅಂತ ಷರತ್ತು. ಆ ಷರತ್ತು ಏಜೆಂಟರ ಬಾಯಿಂದ ಕೇಳಬೇಡಿ, ಎನ್‌ಎಂಸಿಯ ಪುಟದಲ್ಲೇ ಓದಿ. ಇಷ್ಟು ಓದಿದ ಮೇಲೆ ಅದು ಕಷ್ಟವಲ್ಲ. ಅಂಕಪಟ್ಟಿಗೆ ಎರಡು ವರ್ಷದ ಆಯುಷ್ಯ, ಅಷ್ಟರೊಳಗೆ ಉಳಿದ ಕಾಗದ ಮುಗಿಸಬೇಕು.

ನನ್ನ ಮುಂದೆ ಈಗ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ, ನರ್ಸಿಂಗ್ ಕೌನ್ಸಿಲಿನಿಂದ ವೆರಿಫಿಕೇಶನ್, ಬ್ರಿಟನ್ನಿಗೆ ಹೋದ ಮೇಲೆ ಒಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ವೆರಿಫಿಕೇಶನ್ನಿನ ಫಾರಮ್ಮಿನಲ್ಲಿ ಮತ್ತೆ ಆ ಇನಿಶಿಯಲ್ ಕೇಳಿದ್ದಾರೆ. ನೋಟರಿಯ ಕಾಗದದ ಜೆರಾಕ್ಸ್ ತೆಗೆಸಲು ನಾಳೆ ಉಪ್ಪಳಕ್ಕೆ ಹೋಗುವುದುಂಟು.